ಹಳಕಟ್ಟಿಯವರ ಊರಿನಲ್ಲೊಂದು ಡಿಸ್ಟ್ರೊ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಸಾಕಷ್ಟು ಹೊಸದಿರಬೇಕು. ವಿಜಯಪುರ ನಗರದ ಡಿಟಿಪಿ ಅಂಗಡಿಗಳಲ್ಲಿ, ತಿಕೋಟಾ ಮತ್ತು ಬಬಲೇಶ್ವರದ ಝೆರಾಕ್ಸ್ ಅಂಗಡಿಗಳಲ್ಲಿ, ಅಣ್ಣನಿಂದ ತಮ್ಮನಿಗೆ ಬಂದ ಲ್ಯಾಪ್‌ಟಾಪುಗಳಲ್ಲಿ ಇವೆರಡೂ ಇಲ್ಲದ ಯಂತ್ರಗಳು ಬೇಕಾದಷ್ಟಿವೆ. ಅವು ಕೆಟ್ಟಿಲ್ಲ. ಹಳೆಯವಾಗಿವೆ, ಅಷ್ಟೆ. ಆ ದಿನಗಳಲ್ಲಿ ನನಗೆ ಪರಿಚಯದ ಇಬ್ಬರು ವಿದ್ಯಾರ್ಥಿಗಳು, ಒಬ್ಬ ತಿಕೋಟಾದವನು, ಇನ್ನೊಬ್ಬಳು ಬಬಲೇಶ್ವರದವಳು, ಒಂದು ಯೋಜನೆ ಹೇಳಿದರು: “ನಮ್ದ ಒಂದು ಲಿನಕ್ಸ್ ಮಾಡೂಣ್ರಿ ಸರ್. ನೋಡಾಕ ವಿಂಡೋಸ್ ಇದ್ದಂಗ ಇರಬೇಕು, ಒಳಗ ಲಿನಕ್ಸ್ ಇರಬೇಕು.”

ಸಾಹಿತ್ಯದ ಓದುಗನಾದ ನನಗೆ ಈ ಮಾತು ತೀರ ಪರಿಚಿತವೆನಿಸಿತು. ನೋಡಲು ಅದರಂತೆ, ಒಳಗೆ ನಮ್ಮದು. ರೂಪಾಂತರ, ಅನುವಾದ, ಅನುಕರಣೆ, ಪ್ರೇರಣೆ ಎಂದು ನಾವು ನೂರು ವರ್ಷಗಳಿಂದ ಜಗಳಾಡುತ್ತ ಬಂದಿರುವ ಪ್ರಶ್ನೆಯೇ ಇದು. ಹಾಗಾಗಿ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಿಂದ ಪ್ರೇರಿತವಾದ ಲಿನಕ್ಸ್ ಡಿಸ್ಟ್ರೊಗಳನ್ನು ಒಂದು ಸಾಹಿತ್ಯ ಪ್ರಕಾರವನ್ನು ಓದುವಂತೆ ಓದಿದರೆ ಏನು ಕಾಣುತ್ತದೆ ಎಂದು ಇಲ್ಲಿ ನೋಡಲು ಹೊರಟಿದ್ದೇನೆ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಲಿನಕ್ಸ್ ಎಂಬುದು ಕಟ್ಟುನಿಟ್ಟಾಗಿ ಹೇಳಿದರೆ ಕರ್ನಲ್ ಮಾತ್ರ. ಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಕೆಲಸ ಹಂಚುವ ತಿರುಳು ಅದು. ಲಿನಸ್ ಟೊರ್ವಾಲ್ಡ್ಸ್ ಅದನ್ನು 1991ರಲ್ಲಿ, ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆಯತೊಡಗಿದರು. ಕರ್ನಲ್ ಒಂದರಿಂದಲೇ ಯಾರೂ ಕಾಗದ ಬರೆಯಲಾರರು. ಅದರ ಸುತ್ತ ಆಜ್ಞೆಗಳ ಕಟ್ಟು, ಕಿಟಕಿಗಳನ್ನು ತೋರಿಸುವ ವ್ಯವಸ್ಥೆ, ಫಾಂಟುಗಳು, ಕೀಲಿಮಣೆ ವಿನ್ಯಾಸಗಳು, ಬರಹದ ತಂತ್ರಾಂಶ, ಬ್ರೌಸರ್ ಎಲ್ಲ ಬೇಕು. ಜಗತ್ತಿನ ಬೇರೆ ಬೇರೆ ಮೂಲೆಯ ಸಾವಿರಾರು ಜನ ಬರೆದ ಇವನ್ನೆಲ್ಲ ಆಯ್ದು, ಒಂದಕ್ಕೊಂದು ಹೊಂದುವಂತೆ ಜೋಡಿಸಿ, ಒಟ್ಟಿಗೆ ಹಂಚುವ ಕಟ್ಟಿಗೆ ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೊ, ಎನ್ನುತ್ತಾರೆ. ಡೆಬಿಯನ್, ಫೆಡೋರಾ, ಉಬುಂಟು, ಆರ್ಚ್ ಎಲ್ಲ ಡಿಸ್ಟ್ರೊಗಳೇ.

ಈ ವಿವರಣೆಯನ್ನು ಮತ್ತೊಮ್ಮೆ ಓದಿ. ಡಿಸ್ಟ್ರೊ ಕಟ್ಟುವವರು ಬಹಳಮಟ್ಟಿಗೆ ಏನನ್ನೂ ಹೊಸದಾಗಿ ಬರೆಯುವುದಿಲ್ಲ. ಅವರು ಆಯುತ್ತಾರೆ, ಹೋಲಿಸುತ್ತಾರೆ, ತಿದ್ದುತ್ತಾರೆ, ಅನುಕ್ರಮದಲ್ಲಿಡುತ್ತಾರೆ, ಮುದ್ರಿಸುತ್ತಾರೆ, ಹಂಚುತ್ತಾರೆ. ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಹಳೆಯ ಹೆಸರೊಂದಿದೆ: ಗ್ರಂಥಸಂಪಾದನೆ. ಮೂಲ ಕೋಡ್ ಹಸ್ತಪ್ರತಿ. ಪ್ಯಾಚ್ ಎನ್ನುವುದು ಸಂಪಾದಕ ಸೂಚಿಸುವ ತಿದ್ದುಪಾಠ. ಒಂದೇ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳು ಪಾಠಾಂತರಗಳು. ಡಿಸ್ಟ್ರೊ ಎನ್ನುವುದು ಸಂಪಾದಿತ ಆವೃತ್ತಿ.

ವಿಜಯಪುರದಲ್ಲಿ ಕೂತು ಸಂಪಾದನೆಯ ಮಾತಾಡುವಾಗ ಫ.ಗು. ಹಳಕಟ್ಟಿಯವರನ್ನು ಬಿಟ್ಟು ಮುಂದೆ ಹೋಗಲಾಗದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವಕೀಲಿ ಮಾಡಲು ಈ ಊರಿಗೆ ಬಂದರು. ಮಠಮನೆಗಳ ಅಟ್ಟಗಳಲ್ಲಿದ್ದ ತಾಳೆಗರಿಗಳನ್ನು ಹುಡುಕಿ, ಚದುರಿಹೋಗಿದ್ದ ವಚನಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಈ ಕೆಲಸಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಅವರ ದೊಡ್ಡಸ್ತಿಕೆ ಇರುವುದು ವಚನಗಳನ್ನು ಓದುಗನ ಕೈಗೆ ತಲುಪಿಸುವ ಇಡೀ ಸರಪಳಿಯನ್ನು ಕಟ್ಟಿದ್ದರಲ್ಲಿ: ಸಂಗ್ರಹ, ಪಾಠಪರಿಷ್ಕರಣ, ವಿಂಗಡಣೆ, ಅಚ್ಚಿನ ಮೊಳೆ, ಕಾಗದ, ಪತ್ರಿಕೆ, ಅಂಚೆ. ಒಂದು ಕೊಂಡಿ ಕಳಚಿದರೂ ವಚನ ಮತ್ತೆ ಅಟ್ಟ ಸೇರುತ್ತಿತ್ತು. ಇಂದು ಇದೇ ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರಿದೆ. ಕಂಪ್ಯೂಟರ್ ಓದುವ ಹುಡುಗರು ಒಬ್ಬ ಸಂಪಾದಕನ ಹೆಸರಿನ ಕಾಲೇಜಿಗೆ ಹೋಗಿಬರುವುದನ್ನು ನಾನು ಆಕಸ್ಮಿಕ ಎಂದುಕೊಳ್ಳುವುದಿಲ್ಲ. ಅದೊಂದು ಪಠ್ಯಕ್ರಮದ ಸೂಚನೆ ಎಂದೇ ಓದಿಕೊಳ್ಳುತ್ತೇನೆ.

ಡಿಸ್ಟ್ರೊ ಸಂಪಾದಿತ ಗ್ರಂಥವಾದರೆ, ಗ್ರಂಥಕ್ಕೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಬಹುದು. ಆಕರ ಯಾವುದು, ಅದನ್ನು ಹೇಳಿದ್ದಾರೆಯೇ? ಎಲ್ಲಿ ತಿದ್ದಿದ್ದಾರೆ, ತಿದ್ದಿದ್ದು ಓದುಗನಿಗೆ ಗೊತ್ತಾಗುತ್ತದೆಯೇ? ಯಾವ ಓದುಗನಿಗಾಗಿ ಈ ಆವೃತ್ತಿ? ತಪ್ಪು ಸಿಕ್ಕರೆ ಮುಂದಿನ ಮುದ್ರಣ ಬರುತ್ತದೆಯೇ, ಅದಕ್ಕೆ ಯಾರು ಜವಾಬ್ದಾರರು? ಮುಖಪುಟ ಚೆನ್ನಾಗಿದೆಯೇ ಎಂಬುದು ಇವೆಲ್ಲ ಆದಮೇಲೆ ಬರುವ ಪ್ರಶ್ನೆ.

ಇನ್ನೊಂದರಂತೆ ಕಾಣುವ ಡಿಸ್ಟ್ರೊಗಳ ಚರಿತ್ರೆ ನೋಡಿದರೆ ಬಹಳಷ್ಟು ಸಲ ಮುಖಪುಟವೇ ಮೊದಲಾಗಿದೆ. 2001ರಲ್ಲಿ ಅಮೆರಿಕದಲ್ಲಿ ಲಿಂಡೋಸ್ ಎಂಬ ಕಂಪನಿ ಹುಟ್ಟಿತು. ಹೆಸರಲ್ಲೇ ಉದ್ದೇಶವಿತ್ತು. ಮೈಕ್ರೋಸಾಫ್ಟ್ ಅದೇ ವರ್ಷ ನ್ಯಾಯಾಲಯಕ್ಕೆ ಹೋಯಿತು. 2004ರಲ್ಲಿ ರಾಜಿಯಾಗಿ, ಆ ಹೆಸರನ್ನು ಬಿಟ್ಟುಕೊಡಲು ಮೈಕ್ರೋಸಾಫ್ಟೇ 2 ಕೋಟಿ ಡಾಲರ್ ಕೊಟ್ಟಿತು. ಡಿಸ್ಟ್ರೊ ಲಿನ್‌ಸ್ಪೈರ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಹೆಸರಿಗೆ ಅಷ್ಟು ಬೆಲೆ ಬಂದ ಕೃತಿ ಇಂದು ಬಳಕೆಯಲ್ಲಿ ಹೆಚ್ಚುಕಡಿಮೆ ಇಲ್ಲ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಇಬ್ಬರು ಸಹೋದರರು ಶುರುಮಾಡಿದ ಝೋರಿನ್ ಓಎಸ್ 2009ರಲ್ಲಿ ಮೊದಲ ಆವೃತ್ತಿ ತಂದಿತು. ವಿಂಡೋಸ್ ಬಿಟ್ಟು ಬರುವವರಿಗೆ ದಾರಿ ಸುಗಮವಾಗಲಿ ಎಂಬುದೇ ಅದರ ಹಂಬಲ. ಉಬುಂಟುವಿನ ಮೇಲೆ ಕಟ್ಟಿದ್ದೇವೆ ಎಂದು ಅದು ಮುಚ್ಚಿಡದೆ ಹೇಳುತ್ತದೆ, ಇಂದಿಗೂ ಹೊಸ ಮುದ್ರಣಗಳನ್ನು ತರುತ್ತಿದೆ. ಇವೆರಡರ ಮುಖವೂ ಒಂದೇ ದಿಕ್ಕಿಗಿತ್ತು. ಝೋರಿನ್ ಉಳಿದಿರುವುದು ಮುಂದಿನ ಮುದ್ರಣದ ಹೊಣೆಯನ್ನು ಹೊತ್ತುಕೊಂಡಿದ್ದರಿಂದ.

ಮುಖವೆಂಬುದು ಮುಖವಾಡವೂ ಆಗಬಹುದು. ಭದ್ರತಾ ಪರೀಕ್ಷಕರು ಬಳಸುವ ಕಾಲಿ ಲಿನಕ್ಸ್ 2019ರಲ್ಲಿ ‘ಅಂಡರ್‌ಕವರ್’ ಎಂಬ ಸೌಲಭ್ಯ ತಂದಿತು. ಒಂದು ಆಜ್ಞೆ ಕೊಟ್ಟರೆ ಇಡೀ ಪರದೆ ವಿಂಡೋಸ್ 10ರಂತಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ಅನುಮಾನ ಬರುವುದಿಲ್ಲ. ಇದು ಬಳಕೆದಾರ ತಾನೇ ಧರಿಸುವ ವೇಷ, ಹಾಗಾಗಿ ಯಾರಿಗೂ ಮೋಸವಿಲ್ಲ. ಉತ್ತರ ಕೊರಿಯಾದ ರೆಡ್ ಸ್ಟಾರ್ ಓಎಸ್ ಕಥೆ ತಿರುವುಮುರುವು. ಅದರ ಮೂರನೆಯ ಆವೃತ್ತಿ ಆಪಲ್ ಕಂಪನಿಯ ಮ್ಯಾಕ್‌ನಂತೆ ಕಾಣುತ್ತದೆ. 2015ರಲ್ಲಿ ಇಬ್ಬರು ಜರ್ಮನ್ ಸಂಶೋಧಕರು ಅದನ್ನು ಬಿಚ್ಚಿ ನೋಡಿದಾಗ, ಬಳಕೆದಾರ ತೆರೆಯುವ ಕಡತಗಳಿಗೆ ಅವನಿಗೆ ತಿಳಿಯದಂತೆ ಗುರುತು ಬರೆಯುವ ಏರ್ಪಾಡು ಸಿಕ್ಕಿತು. ಕಡತ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಹಿಂಬಾಲಿಸಬಹುದು. ಹೊರಗೆ ಚೆಂದದ ಮುಖಪುಟ, ಒಳಗೆ ಓದುಗನ ಮೇಲೆಯೇ ಕಣ್ಣು. ಸಂಪಾದಕ ತಾನು ಮಾಡಿದ ತಿದ್ದುಪಡಿಯನ್ನು ಮುಚ್ಚಿಟ್ಟರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಕಟುವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ದೇಶದಲ್ಲೂ ಪ್ರಯತ್ನಗಳಿವೆ. ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧರಿಸಿ ಬಾಸ್ ಲಿನಕ್ಸ್ ರೂಪಿಸಿ, 2007ರಲ್ಲಿ ಭಾರತೀಯ ಭಾಷೆಗಳ ಬೆಂಬಲದೊಂದಿಗೆ ಹೊರತಂದಿತು. 2023ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವಾಲಯ ತನ್ನ ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ ‘ಮಾಯಾ’ ಅಳವಡಿಸಲು ಹೊರಟಿದೆ ಎಂದು ಪತ್ರಿಕೆಗಳು ವರದಿ ಮಾಡಿದವು. ಬಳಕೆ ವಿಂಡೋಸ್‌ನಂತೆಯೇ ಇರುತ್ತದೆ ಎಂಬ ಮಾತೂ ಆ ವರದಿಗಳಲ್ಲಿತ್ತು. ಹೆಸರಂತೂ ಅಲಂಕಾರಶಾಸ್ತ್ರದ ವಿದ್ಯಾರ್ಥಿಗೆ ಖುಷಿ ಕೊಡುವಂಥದ್ದು: ಇರುವುದೊಂದು, ಕಾಣುವುದು ಇನ್ನೊಂದು.

ಹಾಗಾದರೆ ಪ್ರೇರಣೆ ಎಂದರೆ ತೊಗಲಿನ ಸಾಲವೇ? ಅಲ್ಲ ಎನ್ನಲು ಲಿನಕ್ಸೇ ಸಾಕ್ಷಿ. ಅದು ಹುಟ್ಟಿದ್ದೇ ಬೇರೆ ವ್ಯವಸ್ಥೆಗಳ ಪ್ರೇರಣೆಯಿಂದ. ಆಂಡ್ರ್ಯೂ ಟನೆನ್‌ಬಾಮ್ ಪಾಠ ಹೇಳಲು ಬರೆದ ಮಿನಿಕ್ಸ್ ಮೇಲೆ ಕೆಲಸ ಮಾಡುತ್ತ ಟೊರ್ವಾಲ್ಡ್ಸ್ ತಮ್ಮ ಕರ್ನಲ್ ಶುರುಮಾಡಿದರು. ಅದರ ಜೊತೆ ಕೂಡಿಕೊಂಡ ಗ್ನೂ ಯೋಜನೆಯನ್ನು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ್ದು ಯುನಿಕ್ಸ್‌ನಂತೆ ನಡೆಯುವ, ಆದರೆ ಯುನಿಕ್ಸ್ ಅಲ್ಲದ ವ್ಯವಸ್ಥೆಗಾಗಿ. ಗ್ನೂ ಎಂಬ ಹೆಸರನ್ನು ಬಿಡಿಸಿದರೆ ‘ಗ್ನೂ ಯುನಿಕ್ಸ್ ಅಲ್ಲ’ ಎಂದೇ ಅರ್ಥ. ಜೆಂಟೂ ಎಂಬ ಡಿಸ್ಟ್ರೊ ಫ್ರೀಬಿಎಸ್‌ಡಿಯ ‘ಪೋರ್ಟ್ಸ್’ ಪದ್ಧತಿಯನ್ನು ಕಂಡು, ತಂತ್ರಾಂಶವನ್ನು ಮೂಲ ಕೋಡಿನಿಂದಲೇ ಕಟ್ಟಿಕೊಳ್ಳುವ ತನ್ನ ‘ಪೋರ್ಟೇಜ್’ ರೂಪಿಸಿಕೊಂಡಿತು. 2002ರಲ್ಲಿ ಆರ್ಚ್ ಶುರುಮಾಡಿದ ಜಡ್ ವಿನೆಟ್ ಅವರಿಗೆ ಕ್ರಕ್ಸ್ ಎಂಬ ಪುಟ್ಟ ಡಿಸ್ಟ್ರೊದ ಸರಳತೆ ಮಾದರಿಯಾಗಿತ್ತು. ಇವರಾರೂ ಬಣ್ಣ, ಗುಂಡಿಗಳನ್ನು ಎರವಲು ತರಲಿಲ್ಲ. ಕಟ್ಟುವ ಕ್ರಮವನ್ನು ತಂದರು, ತಮ್ಮ ನೆಲಕ್ಕೆ ಬೇಕಾದಂತೆ ಮುರಿದು ಕಟ್ಟಿದರು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ಕ್ಕೆ ದಂಡಿಯ ‘ಕಾವ್ಯಾದರ್ಶ’ ಮಾದರಿ. ಅಲಂಕಾರಗಳ ವಿಭಾಗ, ಲಕ್ಷಣ ಹೇಳುವ ಕ್ರಮ ಅಲ್ಲಿಂದ ಬಂದವು. ಆದರೆ ಅದು ಕಾವೇರಿಯಿಂದ ಗೋದಾವರಿವರೆಗಿನ ನಾಡನ್ನು ಹೆಸರಿಸಿತು. ಚತ್ತಾಣ, ಬೆದಂಡೆಗಳೆಂಬ ನಮ್ಮ ರೂಪಗಳನ್ನು ಗುರುತಿಸಿತು. ಸಂಸ್ಕೃತ ಪದ್ಯಕ್ಕೆ ಅನಿವಾರ್ಯವಲ್ಲದ, ಕನ್ನಡ ಪದ್ಯಕ್ಕೆ ಜೀವದಂತಿದ್ದ ಪ್ರಾಸಕ್ಕೆ ಜಾಗ ಮಾಡಿಕೊಟ್ಟಿತು. ಕನ್ನಡದ ಕಿವಿಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂದು ಚರ್ಚಿಸಿತು. ಮಾದರಿಯನ್ನು ಎಲ್ಲಿ ಬಿಟ್ಟಿತು ಎಂಬುದರಲ್ಲಿ ಆ ಕೃತಿಯ ವ್ಯಕ್ತಿತ್ವವಿದೆ. ಶ್ರೀವಿಜಯನಿಗೆ ತನ್ನ ಓದುಗನ ಕಿವಿ ಗೊತ್ತಿತ್ತು.

ಡಿಸ್ಟ್ರೊ ಕಟ್ಟುವವರಿಗೆ ಗೊತ್ತಿರಬೇಕಾದದ್ದು ಬಳಕೆದಾರನ ಕೈ. ತೊಗಲು ಮತ್ತು ಕಟ್ಟುಗಳ ನಡುವೆ ಮೂರನೆಯ ಪದರವೊಂದಿದೆ: ರೂಢಿ. ವಿಜಯಪುರದಂಥ ಊರಿನಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಇಲ್ಲೇ ಎಂಬುದು ನನ್ನ ವಾದ. ಅದನ್ನು ಆ ಇಬ್ಬರು ವಿದ್ಯಾರ್ಥಿಗಳ ಕೆಲಸದ ಮೂಲಕವೇ ಹೇಳುತ್ತೇನೆ.

ಅವರು ಆಯ್ದ ಆಕರ ಡೆಬಿಯನ್. 1993ರಲ್ಲಿ ಶುರುವಾದ, ಯಾವ ಕಂಪನಿಗೂ ಸೇರದ, ಸ್ವಯಂಸೇವಕರು ನಡೆಸುವ ಡಿಸ್ಟ್ರೊ ಅದು. 2025ರ ಆಗಸ್ಟ್ 9ರಂದು ಬಂದ ಅದರ 13ನೆಯ ಆವೃತ್ತಿಯಲ್ಲಿ ಸುಮಾರು 70,000 ಪ್ಯಾಕೇಜುಗಳಿವೆ. ಲೈವ್-ಬಿಲ್ಡ್ ಎಂಬ ಅದರದೇ ಸಲಕರಣೆಗೆ ಬೇಕಾದ ಪ್ಯಾಕೇಜುಗಳ ಪಟ್ಟಿ, ಸೇರಿಸಬೇಕಾದ ಕಡತಗಳು, ಕೊನೆಯಲ್ಲಿ ನಡೆಸಬೇಕಾದ ಸಣ್ಣ ಆಜ್ಞೆಗಳು ಇಷ್ಟನ್ನು ಕೊಟ್ಟರೆ ಪೆನ್‌ಡ್ರೈವಿನಿಂದ ನೇರವಾಗಿ ಓಡುವ ಪ್ರತಿ ತಯಾರಾಗುತ್ತದೆ. ಹಗುರವಾದ ಎಕ್ಸ್‌ಎಫ್‌ಸಿಇ ಪರದೆಯನ್ನು ಆರಿಸಿ, ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಇಟ್ಟರು. ನೋಡಲು ವಿಂಡೋಸ್. ಅಂತರ್ಜಾಲದಲ್ಲಿ ಸಿಗುವ ಕೈಪಿಡಿಗಳನ್ನು ಓದಿಕೊಂಡರೆ ಇಷ್ಟು ಕೆಲಸಕ್ಕೆ ಒಂದು ವಾರಾಂತ್ಯ ಸಾಕು. ಒಂದೆರಡು ಮುದಿ ಯಂತ್ರಗಳಿಗೆ ಮಾತ್ರ 12ನೆಯ ಆವೃತ್ತಿಗೇ ನಿಲ್ಲಬೇಕಾಯಿತು, ಏಕೆಂದರೆ 13ರಿಂದ 32 ಬಿಟ್ ಪ್ರೊಸೆಸರುಗಳಿಗೆ ಡೆಬಿಯನ್ ಕರ್ನಲ್ ಕೊಡುವುದಿಲ್ಲ.

ಪರೀಕ್ಷೆ ನಡೆದದ್ದು ತಿಕೋಟಾದ ಒಂದು ಅಂಗಡಿಯಲ್ಲಿ. ಅಲ್ಲಿ ಮದುವೆ ಕಾರ್ಡು, ಪಹಣಿ ಅರ್ಜಿ, ಸಂಘದ ಠರಾವು, ಒಣದ್ರಾಕ್ಷಿ ಪೆಟ್ಟಿಗೆಯ ಚೀಟಿ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಟೈಪ್ ಮಾಡುವಾಕೆಗೆ ಪರದೆಯ ಬಣ್ಣದ ಬಗ್ಗೆ ಏನೂ ಅನಿಸಲಿಲ್ಲ. ಅವರ ಕೈ ನಿಂತದ್ದು ಮೊದಲ ಸಾಲಿನ ಎರಡನೆಯ ಅಕ್ಷರದಲ್ಲಿ.

ಕಾರಣವನ್ನು ಸ್ವಲ್ಪ ಬಿಡಿಸಬೇಕು. ಕರ್ನಾಟಕದ ಬಹುತೇಕ ಬೆರಳಚ್ಚುಗಾರರು ಕಲಿತದ್ದು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಕೀಲಿಮಣೆ. ಅದರ ಹಿಂದೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವಿದೆ. ಸ್ವರಕ್ಕೂ ಅದರ ಗುಣಿತ ಚಿಹ್ನೆಗೂ ಒಂದೇ ಕೀಲಿ ಎಂಬುದು ಅದರ ಸೊಗಸು. ಪದದ ಮೊದಲಲ್ಲಿ ಒತ್ತಿದರೆ ‘ಇ’, ‘ಕ’ದ ನಂತರ ಒತ್ತಿದರೆ ಅದೇ ಕೀಲಿ ‘ಕಿ’ ಮಾಡುತ್ತದೆ. ಅಂದರೆ ತಂತ್ರಾಂಶಕ್ಕೆ ಹಿಂದಿನ ಅಕ್ಷರದ ನೆನಪಿರಬೇಕು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನ ಕನ್ನಡ ವಿನ್ಯಾಸವಿದೆ. ಆದರೆ ಎಕ್ಸ್‌ಕೆಬಿ ಎಂಬ ಆ ಪದರಕ್ಕೆ ನೆನಪಿಲ್ಲ. ಒಂದು ಕೀಲಿಗೆ ಒಂದು ಅಕ್ಷರ, ಅಷ್ಟೆ. ನೆನಪಿರುವ ಪದರ ಬೇರೆ ಇದೆ: ಐಬಸ್ ಎಂಬ ಬರಹವಿಧಾನ ಮತ್ತು ಅದರೊಳಗೆ ಕೂರುವ ಎಂ17ಎನ್ ಸಂಗ್ರಹ. ಅದರಲ್ಲೂ ಕಗಪ ವಿನ್ಯಾಸವಿದೆ, ಅದು ಹಿಂದಿನ ಅಕ್ಷರವನ್ನು ನೋಡಿ ನಡೆಯುತ್ತದೆ. ಎರಡೂ ಡೆಬಿಯನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹೆಸರು ಒಂದೇ, ನಡವಳಿಕೆ ಬೇರೆ. ಯಾವುದನ್ನು ಆರಿಸಿ ಮುಂದಿಡುವುದು ಎಂಬುದು ಅಪ್ಪಟ ಸಂಪಾದಕೀಯ ನಿರ್ಧಾರ, ಎರಡು ಹಸ್ತಪ್ರತಿಗಳಲ್ಲಿ ಯಾವ ಪಾಠ ಮೇಲೆ, ಯಾವುದು ಅಡಿಟಿಪ್ಪಣಿಗೆ ಎಂದು ಆರಿಸಿದಂತೆ. ಆ ಎರಡನೆಯದನ್ನು ಮೊದಲಿಗಿಟ್ಟ ಮೇಲೆ ಟೈಪಿಸುವಾಕೆ ಪರದೆ ನೋಡುವುದನ್ನೇ ಬಿಟ್ಟು ಟೈಪ್ ಮಾಡಿದರು. ಬಬಲೇಶ್ವರದ ವಿದ್ಯಾರ್ಥಿನಿ ಅಂದಳು, “ಈಗ ಇದು ವಿಂಡೋಸ್ ಇದ್ದಂಗ ಆತ್ ನೋಡ್ರಿ.” ಆ ಹೊತ್ತಿಗೆ ಮೆನುವಿನ ಬಣ್ಣ ಯಾರ ಗಮನದಲ್ಲೂ ಇರಲಿಲ್ಲ.

ಎರಡನೆಯ ತೊಡಕು ಇನ್ನೂ ಆಳದ್ದು. ಆ ಅಂಗಡಿಯ ಹಾರ್ಡ್‌ಡಿಸ್ಕಿನಲ್ಲಿ ಹದಿನೈದು ವರ್ಷಗಳ ಕಡತಗಳಿದ್ದವು: ಜಾತ್ರೆಯ ಸ್ಮರಣ ಸಂಚಿಕೆಗಳು, ಹಳ್ಳಿಯ ಕವಿಗಳು ಸ್ವಂತ ಖರ್ಚಿನಲ್ಲಿ ತಂದ ಕವನ ಸಂಕಲನಗಳು, ಭಜನಾ ಮಂಡಳಿಯ ಪದಗಳು, ನಾಟಕದ ಪ್ರತಿಗಳು. ಹೆಚ್ಚಿನವು ಯುನಿಕೋಡ್ ಬಳಕೆ ಹರಡುವ ಮೊದಲಿನ ಪದ್ಧತಿಯಲ್ಲಿವೆ. ಅಲ್ಲಿ ಕಂಪ್ಯೂಟರ್ ಕಾಪಾಡುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳನ್ನು. ಕನ್ನಡ ಎಂಬುದು ಫಾಂಟ್ ತೊಡಿಸಿದ ವೇಷ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಟೋಪಿ, ಬಾಲ ಹೊತ್ತ ಅನ್ಯ ಅಕ್ಷರಗಳ ಜಾತ್ರೆ. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳ ಕೋಣೆ ಕೊಟ್ಟಿತ್ತು, ಟೊರ್ವಾಲ್ಡ್ಸ್ ಕರ್ನಲ್ ಬರೆಯತೊಡಗಿದ ಅದೇ ವರ್ಷ. ನಮ್ಮ ಊರುಗಳ ಪುಸ್ತಕಗಳು ಆ ಕೋಣೆಗೆ ಬರಲು ಬಹಳ ತಡವಾಯಿತು.

ಹಳೆಯ ಸಂಕೇತದಿಂದ ಯುನಿಕೋಡಿಗೆ ತರುವ ಪರಿವರ್ತಕಗಳು ಸ್ವತಂತ್ರ ತಂತ್ರಾಂಶವಾಗಿಯೇ ಸಿಗುತ್ತವೆ. ಆದರೆ ಅದು ಯಾಂತ್ರಿಕ ಕೆಲಸ ಎಂದುಕೊಳ್ಳಬೇಡಿ. ‘ಧರ್ಮ’ ಎಂಬ ಪದವನ್ನೇ ನೋಡಿ. ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿದೆ: ಧ, ಮ, ಆಮೇಲೆ ಅರ್ಕಾವತ್ತು. ಯುನಿಕೋಡಿನಲ್ಲಿ ನುಡಿಯುವ ಕ್ರಮ: ಧ, ರ, ವಿರಾಮ ಚಿಹ್ನೆ, ಮ. ಪರಿವರ್ತಕ ಅರ್ಕಾವತ್ತನ್ನು ಹಿಡಿದು ಹಿಂದಕ್ಕೆ ಒಯ್ಯಬೇಕು, ನಡುವೆ ಒತ್ತಕ್ಷರ, ಗುಣಿತ ಇದ್ದರೆ ಅವನ್ನೆಲ್ಲ ದಾಟಿಸಿ. ಬೇರೆ ಕಂಪನಿಯ ಫಾಂಟಿನಲ್ಲಿ ಟೈಪಿಸಿದ ಕಡತಕ್ಕೆ ಬೇರೆ ಕೋಷ್ಟಕ ಬೇಕು. ಒಂದು ತಪ್ಪು ಸಾಲಿನಿಂದ ಒಂದು ಇಡೀ ಸಂಕಲನದ ಒಂದು ಅಕ್ಷರ ಎಲ್ಲ ಕಡೆ ಕೆಡುತ್ತದೆ. ಕೊನೆಗೆ ಮನುಷ್ಯರೊಬ್ಬರು ಕೂತು ಮೂಲ ಪುಸ್ತಕದೊಂದಿಗೆ ಹೋಲಿಸಿ ಓದಲೇಬೇಕು. ಇದು ಪಾಠಪರಿಷ್ಕರಣವೇ, ತಾಳೆಗರಿಯ ಬದಲು ಹಾರ್ಡ್‌ಡಿಸ್ಕ್.

ಮೂರನೆಯದು ಪ್ರಿಂಟರ್. ಹಳೆಯ ಲೇಸರ್ ಯಂತ್ರಕ್ಕೆ ಅದರ ತಯಾರಕರು ಮೂಲ ಕೋಡ್ ತೆರೆದಿಡದ ಡ್ರೈವರ್ ಕೊಟ್ಟಿದ್ದರು. ಅದನ್ನು ಓಡಿಸಲು ಮಾಡಿದ ಸರ್ಕಸ್ ಇಲ್ಲಿ ಬೇಡ. ಅಂಗಡಿಯವರಿಗೆ ಹಾಳೆ ಹೊರಬಂದರೆ ಮಾತ್ರ ಅದು ಕಂಪ್ಯೂಟರ್. ಹಾಳೆ ಬರದ ದಿನ ಸ್ವಾತಂತ್ರ್ಯದ ಭಾಷಣ ಅವರ ಕೌಂಟರಿನ ಆಚೆಗೇ ಉಳಿಯುತ್ತದೆ.

ಈ ಮೂರೂ ಸಂಗತಿಗಳಲ್ಲಿ ವಿದ್ಯಾರ್ಥಿಗಳ ಮೂಲ ಮಾತು ಅರ್ಧ ನಿಜ. ‘ನೋಡಾಕ ವಿಂಡೋಸ್ ಇದ್ದಂಗ’ ಎಂಬ ಆಸೆಯ ಹಿಂದಿರುವುದು, ಕಲಿತ ಕೈಯನ್ನು ಅವಮಾನಿಸಬಾರದು ಎಂಬ ಸಭ್ಯತೆ. ಇಪ್ಪತ್ತು ವರ್ಷ ಟೈಪ್ ಮಾಡಿದವರಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸುವುದು ಕ್ರೌರ್ಯ. ಆ ಸಭ್ಯತೆಯನ್ನು ನಾನು ಮೆಚ್ಚುತ್ತೇನೆ. ಆದರೆ ಕೈಯ ರೂಢಿಗೆ ವಿಂಡೋಸ್ ಎಂಬ ಹೆಸರಿದ್ದರೂ ಅದು ವಿಂಡೋಸಿನದಲ್ಲ. ಅದು ಕೆ.ಪಿ. ರಾವ್ ಅವರ ವಿನ್ಯಾಸದ್ದು, ನುಡಿಯದ್ದು, ನಮ್ಮ ಊರಿನ ಟೈಪಿಂಗ್ ಕ್ಲಾಸುಗಳದ್ದು. ಪ್ರೇರಣೆ ಪಡೆಯಬೇಕಾದದ್ದು ಅಲ್ಲಿಂದ.

ಮುಂದಿನ ಮುದ್ರಣದ ಪ್ರಶ್ನೆ ಉಳಿಯಿತು. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, ‘ಲಿಮಕ್ಸ್’ ಎಂಬ ತನ್ನದೇ ಡಿಸ್ಟ್ರೊ ಕಟ್ಟಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಅದಕ್ಕೆ ತಂದಿತು. 2017ರಲ್ಲಿ ಅದೇ ನಗರಸಭೆ ಮರಳಿ ವಿಂಡೋಸಿಗೆ ಹೋಗಲು ಮತ ಹಾಕಿತು. ತಾಂತ್ರಿಕ ದೂರುಗಳಿದ್ದವು, ರಾಜಕೀಯವೂ ಇತ್ತು. ಬೆನ್ನಿಗೆ ನಿಂತ ಆಡಳಿತ ಬದಲಾದಾಗ ಡಿಸ್ಟ್ರೊವೂ ಬದಲಾಯಿತು ಎಂಬುದು ನನಗೆ ಮುಖ್ಯವೆನಿಸುತ್ತದೆ.

ಇದಕ್ಕೆ ಎದುರಾಗಿ ನಮ್ಮ ಪಕ್ಕದ ಕಾಸರಗೋಡನ್ನು ನೋಡಿ. ಕೇರಳ ಸರ್ಕಾರ 2001ರಲ್ಲಿ ಶುರುಮಾಡಿದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಅದು ಉಬುಂಟು ಆಧರಿಸಿ ಶಾಲೆಗಳಿಗೆಂದೇ ಡಿಸ್ಟ್ರೊ ತಯಾರಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠ ಕಲಿಯುವುದು ಲಿನಕ್ಸಿನ ಮೇಲೆ, ಅವರ ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಆ ಡಿಸ್ಟ್ರೊ ವಿಂಡೋಸಿನ ಹಾಗೆ ಕಾಣಲು ಹೆಣಗುವುದಿಲ್ಲ. ಅದಕ್ಕೆ ಅದರ ಅಗತ್ಯವೇ ಇಲ್ಲ, ಏಕೆಂದರೆ ಪಠ್ಯಪುಸ್ತಕ, ಶಿಕ್ಷಕರ ತರಬೇತಿ, ಪರೀಕ್ಷೆ ಎಲ್ಲವೂ ಅದರ ಜೊತೆಗಿವೆ. ಮಗುವಿನ ಮೊದಲ ರೂಢಿಯೇ ಅದು. ಇಲ್ಲಿ ಡಿಸ್ಟ್ರೊ ಒಂದು ಕೊಂಡಿ ಮಾತ್ರ, ಸರಪಳಿ ಪೂರ್ತಿ ಇದೆ. ಹಳಕಟ್ಟಿಯವರು ಮುದ್ರಣಾಲಯದ ಜೊತೆ ಪತ್ರಿಕೆಯನ್ನೂ ಕಟ್ಟಿದ್ದು ಇದೇ ತಿಳಿವಳಿಕೆಯಿಂದ ಇರಬೇಕು.

ಇಬ್ಬರು ವಿದ್ಯಾರ್ಥಿಗಳ ಬೆನ್ನಿಗೆ ಸರ್ಕಾರವಿಲ್ಲ, ಸಂಸ್ಥೆಯಿಲ್ಲ. ಮುಂದಿನ ವರ್ಷ ಒಬ್ಬ ಬೆಂಗಳೂರಿಗೆ, ಇನ್ನೊಬ್ಬಳು ಪುಣೆಗೆ ಹೋಗಬಹುದು. ಭದ್ರತೆಯ ದೋಷವೊಂದು ಬಯಲಾದ ದಿನ ತಿಕೋಟಾದ ಅಂಗಡಿಗೆ ತಿದ್ದುಪಡಿ ಕಳಿಸುವವರು ಯಾರು? ಈ ಕಾರಣಕ್ಕೆ ನಾನು ಹೊಸ ಹೆಸರಿನ, ಹೊಸ ಲಾಂಛನದ, ತನ್ನದೇ ಭಂಡಾರವಿರುವ ಡಿಸ್ಟ್ರೊ ಬೇಡ ಎನ್ನುತ್ತೇನೆ. ಡೆಬಿಯನ್‌ನಲ್ಲೇ ‘ಪ್ಯೂರ್ ಬ್ಲೆಂಡ್’ ಎಂಬ ಪದ್ಧತಿಯಿದೆ: ಒಂದು ನಿರ್ದಿಷ್ಟ ಓದುಗ ವರ್ಗಕ್ಕೆ ಬೇಕಾದ ಆಯ್ಕೆಯನ್ನು ಡೆಬಿಯನ್ ಒಳಗೇ ಇಟ್ಟು ರೂಪಿಸುವುದು. ಶಾಲೆಗಳಿಗಾಗಿ ನಾರ್ವೆಯಲ್ಲಿ 2001ರಲ್ಲಿ ಶುರುವಾದ ಸ್ಕೋಲೆಲಿನಕ್ಸ್ ಈ ದಾರಿಯಲ್ಲಿ ಡೆಬಿಯನ್‌ನ ಭಾಗವೇ ಆಗಿದೆ. ಹಾಗೆ ಮಾಡಿದರೆ ಕರ್ನಲ್, ಬ್ರೌಸರುಗಳ ತಿದ್ದುಪಡಿ ಡೆಬಿಯನ್‌ನಿಂದ ನೇರವಾಗಿ ಬರುತ್ತದೆ. ಒಂದು ಆವೃತ್ತಿಗೆ ದೀರ್ಘಾವಧಿ ಬೆಂಬಲ ಸೇರಿ ಸುಮಾರು 5 ವರ್ಷ. ನಮ್ಮವರು ಸೇರಿಸಬೇಕಾದದ್ದು ತೆಳುವಾದ ಒಂದು ಪದರ: ಸರಿಯಾದ ಬರಹವಿಧಾನ ಮೊದಲಿಗೆ, ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು, ಪರಿವರ್ತಕ, ಕನ್ನಡದಲ್ಲಿ ಬರೆದ ಹತ್ತು ಪುಟದ ಕೈಪಿಡಿ.

ಇದಕ್ಕೊಂದು ಆಕ್ಷೇಪವಿದೆ, ಅದು ಬಲವಾದದ್ದೇ. ಹೆಸರಿಲ್ಲದ ಕೆಲಸಕ್ಕೆ ಇಪ್ಪತ್ತರ ಹರೆಯದವರು ಏಕೆ ಬರುತ್ತಾರೆ? ‘ನಮ್ಮ ಡಿಸ್ಟ್ರೊ’ ಎಂಬ ಹೆಮ್ಮೆಯೇ ಅವರನ್ನು ರಾತ್ರಿ ಎರಡರವರೆಗೆ ಕೂರಿಸಿದ್ದು. ಕಟ್ಟುತ್ತ ಕಲಿತದ್ದನ್ನು ಯಾವ ತರಗತಿಯೂ ಕಲಿಸುತ್ತಿರಲಿಲ್ಲ. ಒಪ್ಪುತ್ತೇನೆ. ಕಲಿಯಲು ಕಟ್ಟುವವರು ಏನು ಬೇಕಾದರೂ ಕಟ್ಟಲಿ, ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಕೈಪಿಡಿ ಹಿಡಿದು ಸೊನ್ನೆಯಿಂದಲೇ ಕಟ್ಟಲಿ, ಅದಕ್ಕೆ ಗೋಳಗುಮ್ಮಟದ ಚಿತ್ರ ಹಾಕಿ ಹೆಸರಿಡಲಿ. ಇನ್ನೊಬ್ಬರ ಹದಿನೈದು ವರ್ಷಗಳ ಕಡತಗಳಿರುವ ಯಂತ್ರದಲ್ಲಿ ಅದನ್ನು ಸ್ಥಾಪಿಸುವ ಗಳಿಗೆಯಿಂದ ಮಾತ್ರ ಬೇರೆ ನೀತಿ ಶುರುವಾಗುತ್ತದೆ. ಅಭ್ಯಾಸದ ಪ್ರತಿಯನ್ನು ಯಾರೂ ಗ್ರಂಥವೆಂದು ಮಾರುವುದಿಲ್ಲ. ಹೆಮ್ಮೆಗೂ ಬೇರೆ ಜಾಗವಿದೆ. ಎಂ17ಎನ್ ಸಂಗ್ರಹದ ಒಂದು ದೋಷವನ್ನು ತಿದ್ದಿ ಮೂಲಕ್ಕೆ ಕಳಿಸಿದರೆ, ಆ ತಿದ್ದುಪಡಿ ಧಾರವಾಡಕ್ಕೂ ಡೆಟ್ರಾಯಿಟ್‌ನ ಕನ್ನಡ ಮನೆಗೂ ಹೋಗುತ್ತದೆ, ಕಳಿಸಿದವರ ಹೆಸರು ಬದಲಾವಣೆಗಳ ದಾಖಲೆಯಲ್ಲಿ ಉಳಿಯುತ್ತದೆ. ಒಳ್ಳೆಯ ಸಂಪಾದಕರಿಗೆ ಸಿಗುವ ಕೀರ್ತಿ ಸಾಮಾನ್ಯವಾಗಿ ಅಷ್ಟೇ ಗಾತ್ರದ್ದು, ಆದರೆ ಬಾಳಿಕೆಯದು.

ಸಾಹಿತ್ಯದ ವಿದ್ಯಾರ್ಥಿಗಳು ಇದನ್ನೆಲ್ಲ ತಾಂತ್ರಿಕರ ಕೆಲಸವೆಂದು ದೂರ ಇಡಬಾರದು ಎಂದು ಹೇಳಲಿಕ್ಕಾಗಿಯೇ ಇಷ್ಟು ಬರೆದೆ. ಅರ್ಕಾವತ್ತು ಎಲ್ಲಿ ಕೂರಬೇಕೆಂದು ಕೋಷ್ಟಕಕ್ಕೆ ಹೇಳಬಲ್ಲವರು, ಪರಿವರ್ತನೆಯಾದ ಪುಟವನ್ನು ಮೂಲದೊಂದಿಗೆ ಹೋಲಿಸಿ ಓದಬಲ್ಲವರು, ಮೆನುವಿನ ಒಂದು ಪದಕ್ಕೆ ತಿಕೋಟಾದ ಅಂಗಡಿಯವರಿಗೂ ತಿಳಿಯುವ ಕನ್ನಡ ಹುಡುಕಬಲ್ಲವರು ಕನ್ನಡ ಎಂ.ಎ. ತರಗತಿಗಳಲ್ಲಿದ್ದಾರೆ. ವಿಂಡೋಸ್ 10ರ ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋಗತೊಡಗಿವೆ, ಅವುಗಳ ಹಾರ್ಡ್‌ಡಿಸ್ಕಿನೊಂದಿಗೆ ಊರಿನ ಸ್ಮರಣ ಸಂಚಿಕೆಗಳೂ ಹೋಗುತ್ತವೆ. ಹಳಕಟ್ಟಿಯವರ ಕಾಲದ ಅಟ್ಟದ ತಾಳೆಗರಿ ಹುಳ ಹಿಡಿದರೂ ಅಲ್ಲೇ ಇರುತ್ತಿತ್ತು. ಈ ಅಟ್ಟವನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಹಾಗಾಗಿ ಪರದೆಯ ಬಣ್ಣ ಯಾವುದಿರಬೇಕೆಂಬ ಚರ್ಚೆ ಮುಂದುವರಿಯಲಿ, ಅದರ ನಡುವೆ ಯಾರಾದರೂ ಒಬ್ಬರು ಪೆನ್‌ಡ್ರೈವ್ ಹಿಡಿದು ಆ ಅಂಗಡಿಗಳಿಗೆ ಹೋಗಿ ಮೊದಲು ಕಡತಗಳ ಪ್ರತಿ ಮಾಡಿಕೊಳ್ಳಲಿ.